ಎರಡು ಬೈಕ್, ಒಂದು ಸಿಗ್ನಲ್: ಜೊತೆಯಾಗಿ ಹೋಗುವಾಗ ಕ್ರಾಸ್, ಸರ್ಕಲ್ ದಾಟುವ ಬಗೆ

ಕಳೆದ ವರ್ಷ ಯುಗಾದಿಗೆ ಎರಡು ದಿನ ಮೊದಲು ನಾನೂ ನನ್ನ ತಂಗಿಯೂ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದೆವು. ನಾನು 350 ಸಿಸಿ ಬೈಕ್‌ನಲ್ಲಿ ಮುಂದೆ, ಅವಳು ಸ್ಕೂಟರ್‌ನಲ್ಲಿ ಹಿಂದೆ. ದಾರಿಯ ಒಂದು ಊರಿನಲ್ಲಿ ಸಿಗ್ನಲ್ ಹತ್ತಿರ ಬರುವಾಗ ಹಳದಿ ಬಿತ್ತು. ನಾನು ಸ್ಟಾಪ್ ಲೈನ್‌ಗೆ ತೀರಾ ಹತ್ತಿರ ಇದ್ದೆ, ದಾಟಿಬಿಟ್ಟೆ. ಮಿರರ್ ನೋಡಿದರೆ ಅವಳೂ ಬರುತ್ತಿದ್ದಳು. ಅಷ್ಟರಲ್ಲಿ ಅಡ್ಡರಸ್ತೆಗೆ ಹಸಿರು ಬಿದ್ದು ಒಂದು ಗೂಡ್ಸ್ ಆಟೋ ಹೊರಟಿತ್ತು. ಅವಳು ಬ್ರೇಕ್ ಹಿಡಿದ ರಭಸಕ್ಕೆ ಮುಂದಿನ ಚಕ್ರ ಜಾರಿತು.

ಆಟೋ ತಾಗಲಿಲ್ಲ. ಮೊಣಕೈ ತರಚಿತು, ಎಡಗಡೆಯ ಮಿರರ್ ಒಡೆಯಿತು, ಹೆಲ್ಮೆಟ್ ಮೇಲೆ ಬೆರಳುದ್ದದ ಗೀರು ಬಿತ್ತು. ಹಣ್ಣಿನ ಗಾಡಿಯ ಹೆಂಗಸೊಬ್ಬರು ಅವಳನ್ನು ನೆರಳಿಗೆ ಕೂರಿಸಿ ನೀರು ಕೊಟ್ಟರು. ನಾನು ಓಡಿಬಂದು "ಯಾಕೆ ಬಂದೆ, ಕೆಂಪು ಬಿದ್ದಿತ್ತಲ್ಲ?" ಅಂದೆ. ಅವಳು ಹೇಳಿದ್ದು ಒಂದೇ ಮಾತು: "ನೀನು ಹೋದೆಯಲ್ಲ, ಅದಕ್ಕೆ ಬಂದೆ."

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಒಬ್ಬರೇ ಹೋಗುವಾಗ ನಮ್ಮ ಕಣ್ಣು ಸಿಗ್ನಲ್ ಮೇಲೆ ಇರುತ್ತದೆ. ಜೊತೆಯಲ್ಲಿ ಹೋಗುವಾಗ ಅದು ಮುಂದಿನವರ ಟೈಲ್ ಲೈಟ್‌ಗೆ ಅಂಟಿಕೊಳ್ಳುತ್ತದೆ. ಎಲ್ಲಿ ತಪ್ಪಿಹೋಗುತ್ತಾರೋ ಅನ್ನುವ ಭಯ. ನನ್ನ ತಂಗಿ ಒಬ್ಬಳೇ ಇದ್ದಿದ್ದರೆ ಆ ಸಿಗ್ನಲ್‌ನಲ್ಲಿ ಖಂಡಿತ ನಿಲ್ಲುತ್ತಿದ್ದಳು.

ಆವತ್ತಿನಿಂದ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಕ್ರಾಸ್ ಬಂತು ಅಂದರೆ ಅಷ್ಟು ಹೊತ್ತು ನಾವಿಬ್ಬರೂ ಒಂಟಿ. ಯಾರಿಗೆ ಯಾರೂ ಜೊತೆಯಲ್ಲ. ಅವರವರೇ ನೋಡಬೇಕು, ಅವರವರೇ ತೀರ್ಮಾನ ಮಾಡಬೇಕು. ದಾಟಿದ ಮೇಲೆ ಮತ್ತೆ ಜೊತೆ. ಇದು ನಡೆಯಬೇಕಾದರೆ ಹಿಂದೆ ಬರುವವರಿಗೆ "ನನ್ನನ್ನು ಬಿಟ್ಟು ಹೋಗಲ್ಲ" ಅನ್ನುವ ನಂಬಿಕೆ ಇರಬೇಕು. ಆ ನಂಬಿಕೆ ಹುಟ್ಟಿಸುವುದು ಮುಂದಿರುವವರ ಕೆಲಸ. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ಎರಡು ಮಾತುಗಳಿಂದಲೇ ಬಂದವು.

ನಮ್ಮ ದಾರಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಹತ್ತುವಂತಿಲ್ಲ. ನಮಗೆ ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೇ ರಸ್ತೆಯೇ ಗತಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಕಾರಿನವರು ಮೇಲೆ ಸುಯ್ಯೆಂದು ಹೋಗುವಷ್ಟರಲ್ಲಿ ನಾವು ಕೆಳಗೆ ಹತ್ತಾರು ಕ್ರಾಸ್ ದಾಟಿರುತ್ತೇವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಜೀವ ಕಳೆದುಕೊಂಡರು. ನೂರರಲ್ಲಿ ಸುಮಾರು 44 ಜನ ದ್ವಿಚಕ್ರ ವಾಹನದಲ್ಲಿ ಇದ್ದವರು. ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ. ನಮ್ಮ ಸುತ್ತ ಕಬ್ಬಿಣದ ಗೂಡು ಇಲ್ಲ, ಅಷ್ಟೇ.

ಹೆಜ್ಜೆ 1: ಹೊರಡುವ ಮೊದಲು ಹತ್ತು ನಿಮಿಷ ಮಾತಾಡಿ

ಹೆಲ್ಮೆಟ್ ಹಾಕಿಕೊಳ್ಳುವ ಮೊದಲೇ ಕೂತು ಮಾತಾಡಿ. ಹಾಕಿಕೊಂಡ ಮೇಲೆ ಮಾತು ಅರ್ಧ ಕೇಳುತ್ತದೆ, ಇನ್ನರ್ಧಕ್ಕೆ ಸುಮ್ನೆ ತಲೆ ಆಡಿಸುತ್ತೇವೆ.

ಮೊದಲನೆಯದು, ಯಾರು ಮುಂದೆ? ನನ್ನ ಅನುಭವದಲ್ಲಿ ಊರೊಳಗೆ ದಾರಿ ಗೊತ್ತಿರುವವರು ಮುಂದೆ ಇರಬೇಕು. ಊರು ದಾಟಿ ಬಯಲಿಗೆ ಬಂದ ಮೇಲೆ ನಿಧಾನದ ಗಾಡಿ ಮುಂದೆ ಇರಬೇಕು. ಸ್ಕೂಟರ್ ಮುಂದೆ ಇದ್ದರೆ ವೇಗ ಸ್ಕೂಟರಿನದ್ದೇ ಆಗುತ್ತದೆ, ಯಾರೂ ಓಡಿ ಹಿಡಿಯಬೇಕಾಗಿಲ್ಲ. ಈ ಅದಲು ಬದಲನ್ನು ಟೀ ಕುಡಿಯಲು ನಿಂತಾಗ ಮಾಡಿ. ಚಲಿಸುತ್ತಿರುವಾಗ "ನೀನು ಹೋಗು, ನೀನು ಹೋಗು" ಅಂತ ಕೈ ಬೀಸುತ್ತಾ ಜಾಗ ಬದಲಾಯಿಸಬೇಡಿ.

ಎರಡನೆಯದು, ತಪ್ಪಿಹೋದರೆ ಎಲ್ಲಿ ಸೇರುವುದು? "ಮುಂದೆ ಎಲ್ಲಾದರೂ" ಅನ್ನಬೇಡಿ. ಜಾಗದ ಹೆಸರು ಹೇಳಿ. ನಾವು ಊರಿಗೊಂದು ಜಾಗ ಗೊತ್ತುಮಾಡಿಕೊಂಡಿದ್ದೇವೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವ ಹೋಟೆಲ್, ಆಮೇಲೆ ಪ್ರತಿ ಊರು ದಾಟಿದ ಮೇಲೆ ಎಡಗಡೆ ಸಿಗುವ ಮೊದಲ ಪೆಟ್ರೋಲ್ ಬಂಕ್. ಬಂಕ್‌ನಲ್ಲಿ ನೆರಳು ಇರುತ್ತದೆ, ಜಾಗ ಇರುತ್ತದೆ, ಸ್ಕೂಟರಿನ ಸಣ್ಣ ಟ್ಯಾಂಕ್‌ಗೂ ಅನುಕೂಲ.

ಮೂರನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಮಿರರ್‌ನಲ್ಲಿ ನಿಮ್ಮವರನ್ನು ಗುರುತು ಹಿಡಿಯುವುದು ಹೇಗೆ? 2017ರ ಏಪ್ರಿಲ್‌ನಿಂದ ಬಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಆನ್ ಆದರೆ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಹಾಗಾಗಿ ಊರೊಳಗೆ ಮಿರರ್ ತುಂಬ ದೀಪಗಳೇ. ಒಂದು ಸಲ ಮದ್ದೂರಿನಿಂದ ಮುಂದೆ ಸುಮಾರು ದೂರ ನಾನು ಯಾರದೋ ಸ್ಕೂಟರಿನ ದೀಪವನ್ನು ತಂಗಿಯದ್ದು ಅಂದುಕೊಂಡು ನೆಮ್ಮದಿಯಾಗಿ ಹೋಗಿದ್ದೆ. ಅವಳು ಹಿಂದಿನ ಸಿಗ್ನಲ್‌ನಲ್ಲೇ ಇದ್ದಳು. ಈಗ ಅವಳ ಹೆಲ್ಮೆಟ್ ಹಣೆಗೆ ಎರಡು ಬೆರಳಗಲದ ಹಳದಿ ರಿಫ್ಲೆಕ್ಟರ್ ಟೇಪ್ ಅಂಟಿಸಿದ್ದೇವೆ. ಮಿರರ್‌ನಲ್ಲಿ ಆ ಹಳದಿ ಕಂಡರೆ ಅವಳು, ಕಾಣದಿದ್ದರೆ ಅಲ್ಲ. ಸ್ಟೇಷನರಿ ಅಂಗಡಿಯ ಟೇಪ್ ಇಷ್ಟು ಕೆಲಸಕ್ಕೆ ಬರುತ್ತದೆ ಅಂದುಕೊಂಡಿರಲಿಲ್ಲ.

ಬ್ರೇಕಿನ ಬಗ್ಗೆಯೂ ಮಾತಾಡಿಕೊಳ್ಳಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅದಕ್ಕಿಂತ ಸಣ್ಣವಕ್ಕೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕ್ ಇದ್ದರೂ ಸಾಕು ಅಂತ ಆಗಿನ ನಿಯಮ. ಅಂದರೆ ಮುಂದಿನ ಬೈಕ್ ಗಟ್ಟಿಯಾಗಿ ಹಿಡಿದು ನಿಲ್ಲುವ ಜಾಗದಲ್ಲಿ ಹಿಂದಿನ ಸ್ಕೂಟರ್ ಜಾರಬಹುದು. ಮುಂದಿರುವವರು ತಮ್ಮ ಬ್ರೇಕ್ ನಂಬಿಕೊಂಡು ನಿಲ್ಲಬಾರದು, ಹಿಂದಿನವರ ಬ್ರೇಕ್ ನೆನಪಿಟ್ಟುಕೊಂಡು ನಿಲ್ಲಬೇಕು.

ಹೆಜ್ಜೆ 2: ಅಂತರ ಮತ್ತು ಜಾಗ

ಅಕ್ಕಪಕ್ಕ ಹೋಗಬೇಡಿ. ಮಾತಾಡಿಕೊಂಡು ಹೋಗುವುದು ಚೆಂದ ಅನಿಸುತ್ತದೆ ನಿಜ. ಆದರೆ ಗುಂಡಿ ಬಂದಾಗ, ನಾಯಿ ಅಡ್ಡ ಬಂದಾಗ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ.

ನಮ್ಮಲ್ಲಿ ಎಡಗಡೆ ಗಾಡಿ ಓಡಿಸುವುದರಿಂದ ಮುಂದಿನವರು ಲೇನ್‌ನ ಬಲಭಾಗದಲ್ಲಿ, ಹಿಂದಿನವರು ಎಡಭಾಗದಲ್ಲಿ ಇದ್ದರೆ ಒಳ್ಳೆಯದು. ಆಗ ಹಿಂದಿನವರಿಗೆ ಮುಂದಿನ ರಸ್ತೆ ಕಾಣುತ್ತದೆ, ಮುಂದಿನವರ ಮಿರರ್‌ನಲ್ಲಿ ಹಿಂದಿನವರು ಕಾಣುತ್ತಾರೆ. ನಡುವೆ ಎರಡು ಸೆಕೆಂಡ್ ಅಂತರ ಇರಲಿ. ಮುಂದಿನ ಬೈಕ್ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಕಂಬದ ಹತ್ತಿರ ಬಂದರೆ ಅಂತರ ಸಾಲದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್ ಹೋಗುತ್ತೇವೆ. ಎರಡು ಸೆಕೆಂಡ್ ಅಂದರೆ 28 ಮೀಟರ್.

"ಅಷ್ಟು ಜಾಗ ಬಿಟ್ಟರೆ ನಡುವೆ ಆಟೋ ನುಗ್ಗುತ್ತದೆ ಅಲ್ವಾ?" ಅಂತ ಕೇಳುತ್ತಾರೆ. ಹೌದು, ನುಗ್ಗುತ್ತದೆ. ನುಗ್ಗಲಿ ಬಿಡಿ. ರಸ್ತೆ ನಮ್ಮಿಬ್ಬರದ್ದೇ ಅಲ್ಲ. ಜೊತೆಯಲ್ಲಿ ಹೋಗುವವರು ಬೇರೆಯವರಿಗೆ ಕೊಡಬೇಕಾದ ಮೊದಲ ಮರ್ಯಾದೆ ಇದೇ. ನಡುವೆ ಬಂದವರಿಗೆ ಹಾರ್ನ್ ಹೊಡೆಯಬೇಡಿ, ಅವರನ್ನು ದಾಟಿ ಮತ್ತೆ ಜೊತೆ ಸೇರಲು ಹೆಣಗಬೇಡಿ. ಸ್ವಲ್ಪ ಹೊತ್ತಿಗೆ ಆಟೋ ತನ್ನ ದಾರಿ ಹಿಡಿಯುತ್ತದೆ.

ಹೆಜ್ಜೆ 3: ಕೆಂಪು ದೀಪದಲ್ಲಿ ನಿಲ್ಲುವುದು

ಮುಂದಿನವರು ಕೆಂಪು ಕಂಡ ಕೂಡಲೇ ಬ್ರೇಕ್ ಲಿವರ್ ಎರಡು ಸಲ ಮೆಲ್ಲಗೆ ಮುಟ್ಟಬೇಕು. ವೇಗ ಇಳಿಯದಿದ್ದರೂ ಹಿಂದಿನ ದೀಪ ಮಿನುಗುತ್ತದೆ, ಹಿಂದಿನವರಿಗೆ ಸುದ್ದಿ ಮುಟ್ಟುತ್ತದೆ.

ನಿಂತಾಗ ಮಾತ್ರ ಅಕ್ಕಪಕ್ಕ ಇರಬಹುದು. ಒಂದೇ ಲೇನ್ ಒಳಗೆ, ಮುಂದಿನವರು ಬಲಕ್ಕೆ, ಹಿಂದಿನವರು ಎಡಕ್ಕೆ ಮತ್ತು ಅರ್ಧ ಬೈಕ್ ಉದ್ದ ಹಿಂದೆ. ಪೂರ್ತಿ ಸಮಕ್ಕೆ ಬೇಡ. ಹಸಿರು ಬಿದ್ದಾಗ ಯಾರು ಮೊದಲು ಅನ್ನುವ ಗೊಂದಲವೇ ಬರಬಾರದು. ಮೊದಲನೆಯವರು ಹೊರಡಲಿ. ಎರಡನೆಯವರು "ಸಾವಿರದ ಒಂದು, ಸಾವಿರದ ಎರಡು" ಎಣಿಸಿ, ಬಲಕ್ಕೆ ಎಡಕ್ಕೆ ಒಮ್ಮೆ ನೋಡಿ ಹೊರಡಲಿ. ಹಸಿರು ನಮಗೆ ಬಿದ್ದ ಕ್ಷಣಕ್ಕೇ ಅಡ್ಡರಸ್ತೆಯಲ್ಲಿ ಯಾರಾದರೂ ಕೆಂಪು ಮುರಿದು ಬರುತ್ತಿರುತ್ತಾರೆ. ಎರಡನೆಯವರೂ ಅದನ್ನು ತಾವೇ ನೋಡಬೇಕು.

ಸ್ಟಾಪ್ ಲೈನ್ ಹಿಂದೆಯೇ ನಿಲ್ಲಿ. ಇಬ್ಬರಿಗೂ ಜಾಗ ಸಿಗಲಿ ಅಂತ ಒಬ್ಬರು ಝೀಬ್ರಾ ಮೇಲೆ ಹೋಗಿ ನಿಲ್ಲುವುದು ಬೇಡ. ಮಗು ಎತ್ತಿಕೊಂಡು ದಾಟುವ ತಾಯಿ ಆಗ ನಮ್ಮ ಚಕ್ರ ಬಳಸಿ ರಸ್ತೆಗೆ ಇಳಿಯಬೇಕಾಗುತ್ತದೆ. ಫ್ರೀ ಲೆಫ್ಟ್ ಬೋರ್ಡ್ ಇರುವಲ್ಲಿ ಎಡಕ್ಕೆ ಹೋಗುವವರಿಗೂ ದಾರಿ ಬಿಡಿ.

ನಿಮ್ಮ ಜೊತೆಗಾರರು ನಾಲ್ಕು ಗಾಡಿ ಹಿಂದೆ ಉಳಿದಿದ್ದಾರೆಯೇ? ಅಲ್ಲೇ ಇರಲಿ. ಸಂದಿಯಲ್ಲಿ ನುಸುಳಿಕೊಂಡು ಬಂದು ಪಕ್ಕ ಸೇರಿಕೊಳ್ಳಲು ಕರೆಯಬೇಡಿ. ಅದರಲ್ಲೂ ಬಸ್ಸಿನ ಎಡಗಡೆ ಸಂದಿಗೆ ಎಂದಿಗೂ ಹೋಗಬಾರದು. ಬಸ್ಸು ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಮೊದಲು ಎರಡು ಅಡಿ ಇದ್ದ ಸಂದಿ ಕಣ್ಣೆದುರೇ ಮುಚ್ಚಿಹೋಗುತ್ತದೆ. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆಗೆ ಹೋಗುವಾಗ ಬಸ್ಸುಗಳ ನಡುವೆ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಬಸ್ಸಿನ ಮಿರರ್‌ನಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ.

ಗೇರಿನ ಬೈಕ್ ಆದರೆ ನಿಂತ ಕೂಡಲೇ ನ್ಯೂಟ್ರಲ್ ಮಾಡಬೇಡಿ. ಮೊದಲ ಗೇರಿನಲ್ಲಿ ಕ್ಲಚ್ ಹಿಡಿದು, ಕಣ್ಣು ಮಿರರ್ ಮೇಲಿಡಿ. ಹಿಂದಿನಿಂದ ಬರುವ ಗಾಡಿ ಪೂರ್ತಿ ನಿಂತಿದ್ದು ಕಂಡ ಮೇಲೆ ನ್ಯೂಟ್ರಲ್ ಮಾಡಿ ಕೈ ಸಡಿಲಿಸಿ. ಇಬ್ಬರಲ್ಲಿ ಹಿಂದೆ ನಿಂತವರಿಗೆ ಈ ಕೆಲಸ ಜಾಸ್ತಿ ಮುಖ್ಯ, ಯಾಕೆಂದರೆ ಲಾರಿಗೆ ಮೊದಲು ಸಿಗುವವರು ಅವರೇ.

ಸಿಗ್ನಲ್ ಕೆಟ್ಟು ಪೊಲೀಸರು ಕೈಸನ್ನೆ ಮಾಡುತ್ತಿದ್ದರೆ ಅವರ ಕೈಯೇ ಸಿಗ್ನಲ್. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ತಡೆದರೆ "ನಾವು ಜೊತೆಯಲ್ಲಿ ಬಂದವರು" ಅಂತ ವಾದಕ್ಕೆ ಇಳಿಯಬೇಡಿ. ನಿಂತುಬಿಡಿ. ಆಂಬುಲೆನ್ಸ್ ಬಂದರೆ ಇಬ್ಬರೂ ಎಡಕ್ಕೇ ಸರಿಯಿರಿ. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋದರೆ ಅದರ ಡ್ರೈವರ್‌ಗೆ ಯಾವ ಕಡೆ ನುಗ್ಗಬೇಕೋ ತಿಳಿಯುವುದಿಲ್ಲ.

ಹೆಜ್ಜೆ 4: ಹಳದಿ ದೀಪದ ಲೆಕ್ಕ

ತಂಗಿ ಬಿದ್ದ ಮೇಲೆ ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ.

ಇಬ್ಬರೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಇದ್ದೇವೆ ಅಂದುಕೊಳ್ಳಿ. ಹಳದಿ ಬಿದ್ದಾಗ ನಾನು ಸ್ಟಾಪ್ ಲೈನ್‌ನಿಂದ 20 ಮೀಟರ್ ದೂರದಲ್ಲಿದ್ದೇನೆ. ಒಂದೂವರೆ ಸೆಕೆಂಡಿನಲ್ಲಿ ದಾಟುತ್ತೇನೆ, ತೊಂದರೆ ಇಲ್ಲ. ತಂಗಿ ಎರಡು ಸೆಕೆಂಡ್ ಹಿಂದೆ, ಅಂದರೆ ಲೈನ್‌ನಿಂದ 48 ಮೀಟರ್ ದೂರದಲ್ಲಿ. ಹಳದಿ ಮೂರು ಸೆಕೆಂಡ್ ಇದ್ದರೆ ಅಷ್ಟರಲ್ಲಿ ಅವಳು ಬರುವುದು 42 ಮೀಟರ್ ಮಾತ್ರ. ಲೈನ್ ಇನ್ನೂ 6 ಮೀಟರ್ ಇರುವಾಗಲೇ ಕೆಂಪು. ಅಂದರೆ ಅಷ್ಟು ದೂರದಿಂದ ನಾನು ಹಳದಿಯಲ್ಲಿ ದಾಟಿದರೆ ಅವಳಿಗೆ ಸಿಗುವುದು ಕೆಂಪೇ. ಅವಳು ಎಷ್ಟೇ ಚೆನ್ನಾಗಿ ಓಡಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ನನ್ನ ಹಿಂದೆಯೇ ಬಾ ಅಂತ ಅವಳನ್ನು ಕರೆದುಕೊಂಡು ಬಂದು, ಅವಳಿಂದಾಗದ ಜಾಗದಲ್ಲಿ ನಾನು ದಾಟಿಬಿಟ್ಟಿದ್ದೆ. ಇದನ್ನು ಬರೆಯುವಾಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮುಂದಿನವರು ದೂರದಿಂದಲೇ ಹಸಿರಿನ ವಯಸ್ಸು ನೋಡಬೇಕು. ನೀವು ನೋಡುವ ಮೊದಲೇ ಉರಿಯುತ್ತಿದ್ದ ಹಸಿರು ಹಳೆಯ ಹಸಿರು. ಅದು ಯಾವಾಗ ಬೇಕಾದರೂ ಹೋಗಬಹುದು. ಆಗಲೇ ಆಕ್ಸಿಲರೇಟರ್ ಬಿಡಿ. ಟೈಮರ್ ಇರುವ ಸಿಗ್ನಲ್ ಆದರೆ ಇನ್ನೂ ಸುಲಭ. ನೀವು ಲೈನ್ ತಲುಪುವಾಗ ಎಷ್ಟು ಉಳಿದಿರುತ್ತದೋ ಅದರಲ್ಲಿ ಎರಡು ಸೆಕೆಂಡ್ ನಿಮ್ಮ ಜೊತೆಗಾರರ ಪಾಲು ಅಂತ ಕಳೆಯಿರಿ. ಉಳಿಯುವುದು ಮೂರಕ್ಕಿಂತ ಕಡಿಮೆ ಆದರೆ ನಿಲ್ಲಲು ತಯಾರಾಗಿ.

ಒಂದು ಎಚ್ಚರಿಕೆ. ಜೊತೆಗಾರರಿಗಾಗಿ ಗಕ್ಕನೆ ಬ್ರೇಕ್ ಹಾಕಬೇಡಿ. ಅವರ ಹಿಂದೆ ಲಾರಿ ಇರಬಹುದು. ಮೆಲ್ಲಗೆ ನಿಲ್ಲಲು ಆಗದಷ್ಟು ಹತ್ತಿರ ಬಂದಿದ್ದರೆ ದಾಟಿಬಿಡಿ, ಮುಂದೆ ಹೋಗಿ ಕಾಯಿರಿ.

ಹಿಂದಿನವರು ಮಾಡಬೇಕಾದದ್ದು ಒಂದೇ. ಮುಂದಿನ ಬೈಕ್ ಇಲ್ಲವೇ ಇಲ್ಲ ಅಂದುಕೊಂಡು ದೀಪ ನೋಡಿ. ಹಳದಿ ಬಿತ್ತೇ, ನಿಲ್ಲಲು ಆಗುತ್ತದೆಯೇ, ನಿಲ್ಲಿ. ಮುಂದಿನವರು ಸಣ್ಣದಾಗುತ್ತಾ ಹೋಗುತ್ತಾರೆ, ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆಗಲಿ. ನನ್ನ ತಂಗಿ ಈಗ ನಿಂತ ಮೇಲೆ ಒಂದು ಸಲ ಹೈಬೀಮ್ ಮಿನುಗಿಸುತ್ತಾಳೆ. "ನಾನು ನಿಂತೆ, ನೀನು ನಡಿ" ಅಂತ ಅರ್ಥ. ಮಿರರ್‌ನಲ್ಲಿ ಅದು ಕಂಡರೆ ನನಗೂ ನಿರಾಳ.

ರಾತ್ರಿ ಹಳದಿ ದೀಪ ಮಿಣುಕುತ್ತಲೇ ಇದ್ದರೆ ಅದು ಎಚ್ಚರದಿಂದ ನಿಧಾನವಾಗಿ ದಾಟಿ ಅನ್ನುವ ಸೂಚನೆ. ಕೆಂಪು ಮಿಣುಕುತ್ತಿದ್ದರೆ ಪೂರ್ತಿ ನಿಂತು, ನೋಡಿ, ಆಮೇಲೆ ದಾಟಬೇಕು. ಇಬ್ಬರೂ ಬೇರೆ ಬೇರೆಯಾಗಿ ನಿಲ್ಲಬೇಕು. ಮುಂದಿನವರು ನಿಂತಿದ್ದು ಹಿಂದಿನವರ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 5: ಬಲಕ್ಕೆ ತಿರುಗುವುದು

ಎದುರಿನಿಂದ ಬರುವ ಗಾಡಿಗಳನ್ನು ಅಡ್ಡ ದಾಟಿ ಹೋಗಬೇಕಾದ್ದರಿಂದ ನನಗೆ ಎಲ್ಲಕ್ಕಿಂತ ಭಯ ಇದರದ್ದೇ.

ಐದಾರು ಸೆಕೆಂಡ್ ಮೊದಲೇ ಇಬ್ಬರೂ ಇಂಡಿಕೇಟರ್ ಹಾಕಿ. ಮುಂದಿನವರು ಹಾಕಿದರೆ ಸಾಲದು. ಹಿಂದಿನವರು ಹಾಕಿದರೆ ಅವರ ಹಿಂದಿರುವ ಗಾಡಿಗೂ ಗೊತ್ತಾಗುತ್ತದೆ. ನಿಧಾನವಾಗಿ, ಒಂದೇ ಸಾಲಿನಲ್ಲಿ ರಸ್ತೆಯ ಮಧ್ಯಕ್ಕೆ ಬನ್ನಿ. ತಿರುವಿಗಾಗಿ ಕಾಯುವಾಗ ಎರಡನೆಯವರು ಮೊದಲನೆಯವರ ಹಿಂದೆಯೇ ನಿಲ್ಲಬೇಕು, ಎಡಗಡೆ ಪಕ್ಕದಲ್ಲಿ ಅಲ್ಲ. ಪಕ್ಕದಲ್ಲಿ ನಿಂತರೆ ತಿರುಗುವಾಗ ಒಬ್ಬರು ಇನ್ನೊಬ್ಬರ ಕಣ್ಣು ಮುಚ್ಚುತ್ತಾರೆ, ನೇರ ಹೋಗುವ ಗಾಡಿ ಎಡಗಡೆಯವರನ್ನು ಸವರಿಕೊಂಡು ಹೋಗುತ್ತದೆ.

ಎದುರು ಖಾಲಿ ಆಯಿತು, ಮೊದಲನೆಯವರು ಹೊರಟರು. ಈಗ ಎರಡನೆಯವರು ಏನು ಮಾಡಬೇಕು? ಮೊದಲನೆಯವರು ನಿಂತಿದ್ದ ಜಾಗಕ್ಕೆ ಬಂದು ನಿಲ್ಲಬೇಕು. ಮತ್ತೆ ಮೊದಲಿನಿಂದ ನೋಡಬೇಕು. ಎದುರಿನಿಂದ ಬರುವ ಕಾರಿನವರ ಮನಸ್ಸನ್ನು ಯೋಚಿಸಿ. ಒಂದು ಬೈಕ್ ಅಡ್ಡ ಬಂತು, ಅವರು ಸ್ವಲ್ಪ ನಿಧಾನ ಮಾಡಿದರು, ಬೈಕ್ ಹೋಯಿತು, ಅವರು ಮತ್ತೆ ವೇಗ ಏರಿಸುತ್ತಾರೆ. ಇನ್ನೊಂದು ಬೈಕ್ ಬರುತ್ತದೆ ಅಂತ ಅವರಿಗೆ ಯಾಕೆ ಅನಿಸಬೇಕು? ಮೊದಲನೆಯವರಿಗೆ ಸಿಕ್ಕ ಸಂದಿ ಮೊದಲನೆಯವರೊಂದಿಗೇ ಮುಗಿಯಿತು. ನನ್ನ ತಂಗಿ ಆ ಜಾಗದಲ್ಲಿ ಎಡಗಾಲು ನೆಲಕ್ಕೆ ಇಟ್ಟೇಬಿಡುತ್ತಾಳೆ. ಕಾಲು ನೆಲಕ್ಕೆ ತಾಗಿದರೆ ನಿಜವಾಗಿ ನಿಂತಂತೆ ಅಂತ ಅವಳೇ ಮಾಡಿಕೊಂಡ ಅಭ್ಯಾಸ.

ದಾಟಿದವರು ಅಲ್ಲೇ ನಿಂತು "ಬಾ, ಬಾ" ಅಂತ ಕೈ ಬೀಸಬೇಡಿ. ನಿಮಗೆ ಖಾಲಿ ಕಾಣುವುದು ನಿಮ್ಮ ಜಾಗದಿಂದ. ಕೈ ಬೀಸಿದಿರಿ ಅಂದರೆ ಜೊತೆಗಾರರು ನೋಡುವುದನ್ನು ನಿಲ್ಲಿಸಿ ನಿಮ್ಮನ್ನು ನಂಬುತ್ತಾರೆ. ರಸ್ತೆ ಮಧ್ಯೆ ಬೈಕ್ ಅಡ್ಡ ಹಾಕಿ ಬೇರೆ ಗಾಡಿ ತಡೆದು ನಿಮ್ಮವರನ್ನು ದಾಟಿಸುವುದಂತೂ ಬೇಡವೇ ಬೇಡ. ಆ ಅಧಿಕಾರ ಪೊಲೀಸರಿಗೆ ಇದೆ, ನಮಗಿಲ್ಲ. ಬೇರೆಯವರ ಸಮಯಕ್ಕೂ ಬೆಲೆ ಇದೆ.

ಹೆಜ್ಜೆ 6: ಸಿಗ್ನಲ್ ಇಲ್ಲದ ಕ್ರಾಸ್

ಸರ್ವಿಸ್ ರಸ್ತೆಯಲ್ಲಿ ಜಾಸ್ತಿ ಸಿಗುವುದು ಇವೇ. ಹಳ್ಳಿಯ ರಸ್ತೆ ಬಂದು ಸೇರುತ್ತದೆ, ಅಂಡರ್‌ಪಾಸ್‌ನ ಬಾಯಿ ತೆರೆದುಕೊಳ್ಳುತ್ತದೆ. ಒಳಗೆ ಕತ್ತಲು, ಹೊರಗೆ ಬಿಸಿಲು. ಒಳಗಿನಿಂದ ಬರುವವರು ನಮಗೆ ಕೊನೇ ಗಳಿಗೆಯವರೆಗೂ ಕಾಣುವುದಿಲ್ಲ.

2017ರ ಚಾಲನಾ ನಿಯಮಗಳ ಪ್ರಕಾರ, ಸಿಗ್ನಲ್ ಇಲ್ಲದ ಕಡೆ ಮುಖ್ಯ ರಸ್ತೆಯಲ್ಲಿ ಹೋಗುತ್ತಿರುವವರಿಗೆ ಮೊದಲ ಹಕ್ಕು. ಎರಡೂ ಒಂದೇ ತರಹದ ರಸ್ತೆ ಆದರೆ ನಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನಿಯಮ ಗೊತ್ತಿರಲಿ. ಆದರೆ ಎದುರಿನವರಿಗೂ ಗೊತ್ತಿದೆ ಅಂತ ನಂಬಿ ನುಗ್ಗಬೇಡಿ.

ಇಂಥ ಕಡೆ ಬರುವ ಮೊದಲೇ ಅಂತರ ಮೂರ್ನಾಲ್ಕು ಸೆಕೆಂಡಿಗೆ ಹೆಚ್ಚಿಸಿ. ಮುಂದಿನವರು ಒಂದು ಬೆರಳು ಮೇಲೆತ್ತಿ ತೋರಿಸಿದರೆ ಒಂದೇ ಸಾಲು ಅಂತ ಅರ್ಥ. ಒಟ್ಟಿಗೆ ಬಂದರೆ ಅಡ್ಡ ಬರುವವರಿಗೆ ಒಂದೇ ಗಾಡಿ ಅನ್ನಿಸುತ್ತದೆ. ಒಂದು ದಾಟಿದ ಕೂಡಲೇ ಅವರು ಹೊರಟುಬಿಡುತ್ತಾರೆ.

ಮಂಡ್ಯ, ಮದ್ದೂರು ಕಡೆ ಕಬ್ಬಿನ ಕಾಲದಲ್ಲಿ ಹೋದರೆ ಒಂದು ವಿಷಯ ನೆನಪಿಡಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಕೆಲವೊಮ್ಮೆ ಎರಡು ಟ್ರೈಲರ್ ಇರುತ್ತವೆ. ಮೊದಲ ಟ್ರೈಲರ್ ದಾಟಿದ ಮೇಲೆ ಮುಗಿಯಿತು ಅಂದುಕೊಂಡು ಹೊರಟರೆ ಎರಡನೆಯದು ಎದುರಿಗಿರುತ್ತದೆ. ಕಬ್ಬಿನ ಜಲ್ಲೆ ಎರಡೂ ಪಕ್ಕ ಒಂದೊಂದು ಮೊಳ ಹೊರಗೆ ಚಾಚಿರುತ್ತದೆ. ಸಂಜೆ ಹೊತ್ತಿನಲ್ಲಿ ಹಿಂದೆ ರಿಫ್ಲೆಕ್ಟರ್ ಕೂಡ ಇರುವುದಿಲ್ಲ. ಮುಂದಿನವರು ಟ್ರ್ಯಾಕ್ಟರ್‌ಗೆ ಮೊದಲೇ ದಾಟಿದ್ದರೆ ಹಿಂದಿನವರಿಗೆ ಅವರು ಕಾಣುವುದೇ ಇಲ್ಲ, ನಡುವೆ ಕಬ್ಬಿನ ಗೋಡೆ. ಆಗ ಪೂರ್ತಿ ನಿಂತು, ಕೊನೆಯ ಚಕ್ರ ಹೋಗುವವರೆಗೆ ನೋಡಿ. ಹಿಂದೆ ಎಡಗಡೆ ಸಂದಿಯಿಂದ ಇನ್ನೊಂದು ಬೈಕ್ ನುಸುಳಿ ಬರಬಹುದು. ಅದನ್ನೂ ನೋಡಿಕೊಂಡು ದಾಟಿ.

ಹೆಜ್ಜೆ 7: ಸರ್ಕಲ್

ಮೈಸೂರಿಗೆ ಬಂದರೆ ಸರ್ಕಲ್‌ಗಳು ಶುರು. ಹಾರ್ಡಿಂಜ್ ಸರ್ಕಲ್, ಕೆ.ಆರ್. ಸರ್ಕಲ್. ಸರ್ಕಲ್ ಸುತ್ತುತ್ತಿರುವವರಿಗೆ ಮೊದಲ ಹಕ್ಕು, ಹೊರಗಿನಿಂದ ಬರುವವರು ಕಾಯಬೇಕು. ಬಲಕ್ಕೆ ನೋಡಿ, ಸಂದಿ ಸಿಕ್ಕಾಗ ಒಬ್ಬೊಬ್ಬರೇ ಸೇರಿಕೊಳ್ಳಿ. ಇಬ್ಬರಿಗೂ ಸಾಕಾಗುವಷ್ಟು ದೊಡ್ಡ ಸಂದಿಗಾಗಿ ಕಾದು ಕೂರಬೇಡಿ, ನಿಮ್ಮ ಹಿಂದೆ ಸಾಲು ಬೆಳೆಯುತ್ತದೆ.

ಮುಂದಿನವರು ಒಳಗೆ ಹೋಗಿ ಹಿಂದಿನವರು ಹೊರಗೇ ಉಳಿದರೆ ಗಾಬರಿ ಬೇಡ. ಗಾಡಿ ಕಡಿಮೆ ಇದ್ದರೆ ಇನ್ನೊಂದು ಸುತ್ತು ಹಾಕಿ ಬನ್ನಿ. ನಿಲ್ಲದೆ ಕಾಯಬಹುದಾದ ಕೂಡುರಸ್ತೆ ಇದೊಂದೇ. ಗಾಡಿ ಜಾಸ್ತಿ ಇದ್ದರೆ ನಿಮ್ಮ ರಸ್ತೆಗೆ ಇಳಿದು ಮುಂದೆ ಕಾಯಿರಿ. ಹೊರಗೆ ಬರುವ ಮೊದಲು ಇಬ್ಬರೂ ಎಡ ಇಂಡಿಕೇಟರ್ ಹಾಕಿ. ಮಳೆಗಾಲದಲ್ಲಿ ಸರ್ಕಲ್‌ನ ಬಿಳಿ ಪಟ್ಟಿ, ಬಸ್ಸಿನಿಂದ ಸೋರಿದ ಡೀಸೆಲ್ ಎರಡೂ ಜಾರುತ್ತವೆ. ವಾಲಿಕೊಂಡು ತಿರುಗಿಸದೆ, ನಿಧಾನವಾಗಿ ನೆಟ್ಟಗೆ ಹೋಗಿ.

ಹಿಂದಿನ ಸೀಟಿನಲ್ಲಿ ಕೂತವರಿಗೆ

ಅವರ ಬಗ್ಗೆ ಎರಡು ಮಾತು. ಸಿಗ್ನಲ್‌ನಲ್ಲಿ ನಿಂತಾಗಲೂ ಕಾಲು ಫುಟ್‌ರೆಸ್ಟ್ ಮೇಲೇ ಇರಲಿ. ನೀವೂ ಕಾಲು ಕೆಳಗಿಟ್ಟರೆ ಬ್ಯಾಲೆನ್ಸ್ ಹಿಡಿದವರಿಗೆ ಕಷ್ಟ. ಜೊತೆಗಾರರು ಬಂದರೇ ಅಂತ ಸರಕ್ಕನೆ ತಿರುಗಿ ನೋಡಬೇಡಿ, ನಿಧಾನ ವೇಗದಲ್ಲಿ ಅಷ್ಟಕ್ಕೇ ಗಾಡಿ ವಾಲುತ್ತದೆ. ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ, ಐಎಸ್ಐ ಗುರುತು ಇರುವುದು, ಪಟ್ಟಿ ಬಿಗಿದಿರುವುದು.

ಹೆಜ್ಜೆ 8: ಸನ್ನೆ ಮತ್ತು ಇಂಟರ್‌ಕಾಮ್

ಸನ್ನೆ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾವು ಬಳಸುವುದು ನಾಲ್ಕೇ. ಎಡಗೈ ಕೆಳಗೆ ಚಾಚಿ ಅಂಗೈ ಹಿಂದಕ್ಕೆ ತೋರಿಸಿದರೆ ನಿಲ್ಲುತ್ತಿದ್ದೇನೆ. ಒಂದು ಬೆರಳು ಮೇಲೆ ಅಂದರೆ ಒಂದೇ ಸಾಲು. ಟ್ಯಾಂಕ್ ಕಡೆ ಬೆರಳು ತೋರಿಸಿದರೆ ಪೆಟ್ರೋಲ್. ಎಡಗಡೆ ನೆಲಕ್ಕೆ ಬೆರಳು ತೋರಿಸಿದರೆ ಗುಂಡಿ. ಕ್ರಾಸ್ ಒಳಗೆ ಯಾವ ಸನ್ನೆಯೂ ಬೇಡ. ಅಲ್ಲಿ ಎರಡೂ ಕೈಗೆ ಹ್ಯಾಂಡಲ್‌ನಲ್ಲೇ ಕೆಲಸ ಇದೆ.

ಹೆಲ್ಮೆಟ್‌ನೊಳಗಿಂದಲೇ ಪರಸ್ಪರ ಮಾತಾಡುವ ಇಂಟರ್‌ಕಾಮ್ ಇದ್ದವರಿಗೆ ನಮ್ಮ ಮನೆಯ ಒಂದು ನಿಯಮ ಹೇಳುತ್ತೇನೆ. "ಬರಬೇಡ, ಬಲಗಡೆಯಿಂದ ಟೆಂಪೋ ಬರುತ್ತಿದೆ" ಅಂತ ಎಷ್ಟು ಸಲ ಬೇಕಾದರೂ ಹೇಳಬಹುದು. "ಬಾ, ಖಾಲಿ ಇದೆ" ಅಂತ ಒಂದು ಸಲವೂ ಹೇಳಬಾರದು. ನಾನು ನೋಡಿ, ಹೇಳಿ, ಅವಳು ಕೇಳಿ, ಆಕ್ಸಿಲರೇಟರ್ ತಿರುಗಿಸುವಷ್ಟರಲ್ಲಿ ಮೂರು ಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಖಾಲಿ ಇದ್ದ ರಸ್ತೆ ತುಂಬಿರುತ್ತದೆ. ನಿಲ್ಲು ಅಂದ ಮಾತು ತಪ್ಪಾದರೆ ಅರ್ಧ ನಿಮಿಷ ಹೋಗುತ್ತದೆ. ಬಾ ಅಂದ ಮಾತು ತಪ್ಪಾದರೆ ಏನು ಹೋಗುತ್ತದೆ ಅಂತ ನಾನು ಬರೆಯಲಾರೆ.

ಹೆಜ್ಜೆ 9: ತಪ್ಪಿಹೋದಾಗ, ಕಾಯುವಾಗ

ನೇರ ರಸ್ತೆಯಲ್ಲಿ ತಪ್ಪಿಹೋದರೆ ಗೊತ್ತುಮಾಡಿದ ಜಾಗದಲ್ಲಿ ಸೇರಿದರೆ ಆಯಿತು. ಆದರೆ ದಾರಿ ಬದಲಾಗುವ ಪ್ರತಿ ತಿರುವಿನಲ್ಲೂ ಮುಂದಿನವರು ಕಾಯಲೇಬೇಕು. ಹಿಂದಿನವರು ಕಣ್ಣಿಗೆ ಬಿದ್ದು, ಅವರೂ ತಿರುವು ನೋಡಿದ್ದು ಖಾತ್ರಿಯಾಗುವವರೆಗೆ ಅಲ್ಲಿಂದ ಹೊರಡಬಾರದು. ಇದು ಒಂದು ಸಲವೂ ತಪ್ಪದೆ ನಡೆದರೆ ಹಿಂದಿನವರಿಗೆ ಒಂದು ಧೈರ್ಯ ಬರುತ್ತದೆ: ಮುಂದಿನವರು ತಿರುವಿನಲ್ಲಿ ಕಾಣದಿದ್ದರೆ ನೇರ ಹೋಗಿದ್ದಾರೆ ಅಂತಲೇ ಅರ್ಥ. ಆಮೇಲೆ ಅವರು ಯಾವ ಹಳದಿ ದೀಪವನ್ನೂ ಬೆನ್ನಟ್ಟುವುದಿಲ್ಲ.

ಎಲ್ಲಿ ಕಾಯಬೇಕು? ಕ್ರಾಸ್ ಬಾಯಲ್ಲಿ ಬೇಡ. ಬಸ್ ಸ್ಟಾಪ್‌ನಲ್ಲಿ ಬೇಡ. ಫ್ಲೈಓವರ್ ಇಳಿಜಾರಿನಲ್ಲಂತೂ ಬೇಡವೇ ಬೇಡ. ಕ್ರಾಸ್ ದಾಟಿ ನೂರು, ನೂರೈವತ್ತು ಮೀಟರ್ ಮುಂದೆ, ಎಡಗಡೆ, ಟಾರ್ ಬಿಟ್ಟು ಮಣ್ಣಿಗೆ ಇಳಿದು ನಿಲ್ಲಿಸಿ. ಎಡ ಇಂಡಿಕೇಟರ್ ಉರಿಯುತ್ತಿರಲಿ. ಬೈಕ್‌ನಿಂದ ಇಳಿದು ಬೈಕ್‌ನ ಎಡಗಡೆ ನಿಲ್ಲಿ, ರಸ್ತೆಯ ಕಡೆ ಬೇಡ. ಹೆಲ್ಮೆಟ್ ತೆಗೆಯಬೇಡಿ. ನಿಮ್ಮವರು ದೂರದಿಂದ ಹುಡುಕುವುದು ಅದನ್ನೇ.

ಐದು ನಿಮಿಷ ಆದರೂ ಬರದಿದ್ದರೆ ಫೋನ್ ಮಾಡಿ. ಅವರು ಗಾಡಿ ಓಡಿಸುತ್ತಿದ್ದರೆ ಎತ್ತುವುದಿಲ್ಲ, ಎತ್ತಬಾರದು. ಎರಡು ಸಲ ಮಾಡಿ ಸುಮ್ಮನಾಗಿ. ಇನ್ನೂ ಐದು ನಿಮಿಷ ನೋಡಿ, ಆಮೇಲೆ ವಾಪಸ್ ಹೋಗಿ. ಎಷ್ಟೇ ಆತಂಕ ಆದರೂ ಸರ್ವಿಸ್ ರಸ್ತೆಯಲ್ಲಿ ಉಲ್ಟಾ ಹೋಗಬೇಡಿ. ಮುಂದೆ ಹೋಗಿ ಯೂ ಟರ್ನ್ ಅಥವಾ ಅಂಡರ್‌ಪಾಸ್ ಹಿಡಿದು ಬನ್ನಿ. ಅವರಿಗೆ ಏನಾದರೂ ಆಗಿದ್ದರೆ ಅವರ ಹತ್ತಿರ ನೀವು ಕ್ಷೇಮವಾಗಿ ಮುಟ್ಟಬೇಕು ತಾನೇ.

ಕಾದಿದ್ದವರು ಜಾಸ್ತಿ ಮಾಡುವ ತಪ್ಪು ಒಂದಿದೆ, ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಹಿಂದಿನವರು ಕಣ್ಣಿಗೆ ಬಿದ್ದ ಕೂಡಲೇ "ಸರಿ, ಬಂದರು" ಅಂತ ಗೇರು ಹಾಕಿ ಹೊರಟುಬಿಡುವುದು. ನೀವು ಹತ್ತು ನಿಮಿಷ ನೆರಳಲ್ಲಿ ನಿಂತಿದ್ದಿರಿ, ನೀರು ಕುಡಿದಿರಿ. ಅವರು ಅಷ್ಟು ಹೊತ್ತೂ ಒಬ್ಬರೇ, ಆತಂಕದಲ್ಲಿ, ನಿಮ್ಮನ್ನು ಹುಡುಕುತ್ತಾ ಗಾಡಿ ಓಡಿಸಿದ್ದಾರೆ. ಅವರು ಬಂದು ನಿಲ್ಲಲಿ. ಹೆಲ್ಮೆಟ್ ಗಾಜು ಮೇಲೆತ್ತಲಿ, ನೀರು ಕುಡಿಯಲಿ, ಕೈ ಕೊಡವಿಕೊಳ್ಳಲಿ, ಸಿಗ್ನಲ್‌ನಲ್ಲಿ ಏನಾಯಿತು ಅಂತ ಹೇಳಿ ಮುಗಿಸಲಿ. "ಹೋಗೋಣ" ಅಂತ ಅವರೇ ಅಂದ ಮೇಲೆ ಸ್ಟ್ಯಾಂಡ್ ತೆಗೆಯಿರಿ.